ಗೌಡತಿಯ ಮಾಲೀಕರು

ಕಂಪನಿ ಕೈ ಬದಲಾಯಿತು ಅಂದರೆ ಪೇಪರಿನಲ್ಲಿ ಎರಡು ಸಾಲಿನ ಸುದ್ದಿ. ಲಾರಿ ಹೊಡೆಯುವ ನಮಗೆ ಮಾತ್ರ ಅದು ಹೊಸದೊಂದು ಫಜೀತಿಗೆ ಮುಹೂರ್ತ ಇಟ್ಟ ಹಾಗೆ. ಗಜೇಂದ್ರಗಡದ ನಮ್ಮ ಗೋದಾಮಿನ ಅಂಗಳದಲ್ಲಿ ಮಾಲೀಕರು ಬದಲಾದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತಿತ್ತು. ಆಗ ನಗಲಿಕ್ಕೆ ಪುರಸೊತ್ತು ಇರಲಿಲ್ಲ. ಈಗ ಕಟ್ಟೆಯ ಮೇಲೆ ಕೂತು ನೆನೆಸಿಕೊಂಡರೆ ನಗು ಬರುತ್ತದೆ, ನಗು ಮುಗಿದ ಮೇಲೆ ಎದೆಯಲ್ಲಿ ಏನೋ ಒಂದು ಖಾಲಿ ಖಾಲಿ ಅನ್ನಿಸುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಆ ಲಾರಿಗಳೆಲ್ಲ ಒಬ್ಬ ಮುಸಲ್ಮಾನ ವ್ಯಾಪಾರಿಯವು. ಊರೆಲ್ಲ ಅವರನ್ನು ಸಾಹುಕಾರ್ರು ಅನ್ನುತ್ತಿತ್ತು. ನರಗುಂದದ ಹತ್ತಿ, ರೋಣದ ಕಡಲೆ, ನಮ್ಮೂರ ಮಗ್ಗದ ಸೀರೆ, ಎಲ್ಲವೂ ಅವರ ಲಾರಿಯಲ್ಲೇ ಊರು ದಾಟಬೇಕು. ಅವರ ಕಡೆ ಒಂದು ಪದ್ಧತಿ ಇತ್ತು. ಒಬ್ಬ ಡ್ರೈವರಿಗೆ ಒಂದು ಗಾಡಿ. ಕೊಟ್ಟ ಮೇಲೆ ಅದು ಅವನದೇ. ಅದರ ಕೆಮ್ಮು, ಅದರ ಹಟ, ಎಲ್ಲ ಅವನ ಪಾಲಿಗೆ.

ನನ್ನ ಪಾಲಿಗೆ ಬಂದ ಗಾಡಿಗೆ ನಾನು ಗೌಡತಿ ಅಂತ ಹೆಸರಿಟ್ಟಿದ್ದೆ. ಏರು ಬಂದರೆ ಅವಸರ ಮಾಡುತ್ತಿರಲಿಲ್ಲ, ಇಳಿಜಾರು ಬಂದರೆ ಓಡುತ್ತಿರಲಿಲ್ಲ, ಎದುರಿಗೆ ಯಾರೇ ಬರಲಿ ದಾರಿ ಬಿಡುತ್ತಿರಲಿಲ್ಲ. ಬೇರೆ ಹೆಸರು ಒಪ್ಪುವಂತೆಯೇ ಇರಲಿಲ್ಲ.

೧. ಹೋಗಿ ಬಾ ಅನ್ನುವ ಕೆಲಸ

ಸಾಹುಕಾರ್ರು ದಿನಾ ಬೆಳಿಗ್ಗೆ ಗೇಟಿನ ಪಕ್ಕ ಹೊರಸಿನ ಮೇಲೆ ಕೂತಿರುತ್ತಿದ್ದರು. ಮಾಲು ತುಂಬಿದ ಲಾರಿ ಗೇಟಿಗೆ ಬಂತೆಂದರೆ ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಹುಷಾರ ಹೋಗಿ ಬಾಪ್ಪಾ" ಅನ್ನುತ್ತಿದ್ದರು. ನಾವು "ಬರ್ತೇನ್ರಿ" ಅಂದು ಹೊರಡುತ್ತಿದ್ದೆವು. ಮಳೆ ಇರಲಿ, ಅವರಿಗೆ ಜ್ವರ ಇರಲಿ, ಆ ಮಾತು ಆಗದೆ ನಮ್ಮ ಗಾಲಿ ರಸ್ತೆ ಮುಟ್ಟುತ್ತಿರಲಿಲ್ಲ.

ಅವರಿಗೆ ಮೊಣಕಾಲು ಕೈಕೊಟ್ಟವು. ಮಕ್ಕಳು ಬಟ್ಟೆ ಅಂಗಡಿ ಹಿಡಿದರು, ಲಾರಿಯ ಧೂಳು ಅವರಿಗೆ ಬೇಡವಾಯಿತು. ಟ್ರಾನ್ಸ್‌ಪೋರ್ಟು ಹುಬ್ಬಳ್ಳಿಯ ಒಂದು ಕಂಪನಿಗೆ ಹೋಯಿತು. ಆ ಕಂಪನಿಯವರು ಮೈಸೂರು ಕಡೆಯ ಒಬ್ಬ ಮ್ಯಾನೇಜರನ್ನು ಕಳಿಸಿದರು. ಒಳ್ಳೆಯ ಮನುಷ್ಯ. ನಮ್ಮ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆ ಆಡಿಸುತ್ತಿದ್ದ.

ಮೊದಲ ದಿನ ಬೆಳಿಗ್ಗೆ ತುಂಬಿದ ಲಾರಿಗಳೆಲ್ಲ ಗೇಟಿನೊಳಗೆ ಸಾಲಾಗಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತವು. ಒಂದೂ ಹೊರಡಲಿಲ್ಲ. ಮ್ಯಾನೇಜರ್ ಹೊರಗೆ ಬಂದು, "ಏನಾಯ್ತು, ಯಾಕೆ ನಿಂತಿದ್ದೀರಿ?" ಅಂದ. ಹೊಸ ಸಾಹೇಬರಿಗೆ, ನನಗೆ ಹೋಗಿ ಬಾ ಅನ್ನಿ ಅಂತ ಮೀಸೆ ಬಂದ ಗಂಡಸು ಹೇಗೆ ಕೇಳುವುದು? ಆತ ಡೀಸೆಲ್ ನೋಡಿದ, ಕಾಗದ ಪತ್ರ ನೋಡಿದ, ಗಾಲಿಗೆ ಕಾಲಿನಿಂದ ಒದ್ದು ನೋಡಿದ. ಎಲ್ಲ ಸರಿ ಇತ್ತು. ಕಡೆಗೆ ಹಮಾಲರ ಹಿರಿಯನೊಬ್ಬ ಅವನ ಕಿವಿಯಲ್ಲಿ ವಿಷಯ ಹೇಳಿದ. ಮ್ಯಾನೇಜರ್ ನಾಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಸರಿ, ಎಲ್ಲರೂ ಹುಷಾರಾಗಿ ಹೋಗಿ ಬನ್ನಿ" ಅಂದ.

ಮುಂದಿನ ಗಾಡಿ ಹೋಯಿತು. ಉಳಿದವು ಅಲ್ಲೇ ನಿಂತವು.

"ಮತ್ತೇನು?" ಅಂದ ಮ್ಯಾನೇಜರ್.

"ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳಬೇಕ್ರಿ ಸಾಹೇಬ್ರ" ಅಂದ ಹಮಾಲ. "ಲಗ್ನದಾಗ ಎಲ್ಲಾರಿಗೂ ಕೂಡಿ ಒಂದ ಎಲಿ ಹಾಕ್ತಾರೇನ್ರಿ?"

ಒಂದು ವಾರ ಆತನೇ ಹೇಳಿದ. ಆಮೇಲೆ ಬೇಸತ್ತು ಆ ಕೆಲಸವನ್ನು ಗೇಟಿನ ವಾಚಮನ್ನನಿಗೆ ವಹಿಸಿದ. ವಾಚಮನ್ ಅದನ್ನು ಬಡ್ತಿ ಅಂದುಕೊಂಡ. ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಬರತೊಡಗಿದ. ಆದರೆ ಬಾನೆಟ್ಟಿನ ಮೇಲೆ ಸಾಹುಕಾರ್ರ ಹಾಗೆ ಅಂಗೈ ಇಡಲಿಕ್ಕೆ ಅವನಿಗೆ ಕಡೆಯವರೆಗೂ ಬರಲಿಲ್ಲ. ಬಸ್ಸಿನ ಕಂಡಕ್ಟರನ ಹಾಗೆ ದಪ್ ದಪ್ ಅಂತ ಎರಡು ಬಡಿಯುತ್ತಿದ್ದ. ನನಗೆ ಪ್ರತಿಸಲ ಸಂಕಟವಾಗುತ್ತಿತ್ತು.

ಒಂದು ದಿನ ಪುರ್ತಗೇರಿಯ ಡ್ರೈವರಿಗೂ ವಾಚಮನ್ನನಿಗೂ ಬೀಡಿಯ ಸಲುವಾಗಿ ಜಗಳವಾಯಿತು. ಅವನ ಗಾಡಿ ಗೇಟಿಗೆ ಬಂದರೂ ವಾಚಮನ್ ಬಾಯಿ ತೆರೆಯಲಿಲ್ಲ. ಮಧ್ಯಾಹ್ನದ ತನಕ ಕಡಲೆ ತುಂಬಿದ ಲಾರಿ ಅಲ್ಲೇ ನಿಂತಿತು. ಮ್ಯಾನೇಜರ್ ಬಂದು ರೇಗಿದ. ವಾಚಮನ್ ಕೈಕಟ್ಟಿ ನಿಂತು ಹೇಳಿದ, "ಇದು ಮನಸಿನಿಂದ ಹೇಳೂ ಮಾತ್ರಿ ಸಾಹೇಬ್ರ. ಇಂವಗ 'ಹೋಗು' ಅನ್ನೂದು ಮನಸಿನಿಂದ ಬರಾಕತ್ತೈತಿ. 'ಬಾ' ಅನ್ನೂದು ಬರವಲ್ದು."

೨. ಗಟ್ಟಿ ಬಣ್ಣ, ತೆಳು ಬಣ್ಣ

ಹುಬ್ಬಳ್ಳಿಯವರು ಲಾರಿಗಳಿಗೆಲ್ಲ ಹಳದಿ ಬಣ್ಣ ಬಳಿದು ತಮ್ಮ ಹೆಸರು ಬರೆಸಲು ರೋಣದ ಒಬ್ಬ ಪೇಂಟರನ್ನು ಕರೆಸಿದರು. ಅವನ ಕೈ ಚಲೋ, ಆದರೆ ನಿಧಾನ. ಒಂದು ಅಕ್ಷರ ಬರೆದು ಹಿಂದಕ್ಕೆ ಸರಿದು ನಿಲ್ಲುತ್ತಿದ್ದ. ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಮೇಲೆ ಚಹಾ ಕುಡಿಯಲಿಕ್ಕೆ ಹೋಗುತ್ತಿದ್ದ. ಗೌಡತಿಯ ಹಸಿರು ಬಣ್ಣ ಕೆರೆಯುವಾಗ ನಾನು ನಿಂತು ನೋಡಲಾರದೆ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದೆ.

ಆತ ಅರ್ಧ ಲಾರಿಗಳಿಗೆ ಹೆಸರು ಬರೆಯುವಷ್ಟರಲ್ಲಿ ಹುಬ್ಬಳ್ಳಿಯವರು ಇಡೀ ವ್ಯವಹಾರವನ್ನು ಮುಂಬೈಯ ದೊಡ್ಡ ಕಂಪನಿಯೊಂದಕ್ಕೆ ಮಾರಿಬಿಟ್ಟರು. ಮ್ಯಾನೇಜರ್ ಮಾತ್ರ ಅವನೇ ಉಳಿದ. ಅವನ ಅಂಗಿಯ ಮೇಲಿನ ಬಿಲ್ಲೆ ಬದಲಾಯಿತು ಅಷ್ಟೆ. ಪೇಂಟರಿಗೆ, ಹಳದಿ ಹಾಗೇ ಇರಲಿ, ಬರೆದದ್ದನ್ನು ಅಳಿಸಿ ಮುಂಬೈಯ ಹೆಸರು ಬರೆ ಅಂತ ಹೇಳಿಕಳಿಸಿದರು. ಅವನು ಒಂದು ಬದಿಯಿಂದ ಶುರು ಮಾಡಿದ. ನಾವು ಮಾಲು ಒಯ್ಯದೆ ಅವನಿಗಾಗಿ ಕಾಯಲು ಆಗುತ್ತದೆಯೇ? ಹಾಗೇ ಗಾಡಿ ತೆಗೆದುಕೊಂಡು ರಸ್ತೆಗೆ ಬಿದ್ದೆವು.

ದಾರಿಯಲ್ಲಿ ಒಬ್ಬ ಅಧಿಕಾರಿ ನನ್ನ ಗಾಡಿ ತಡೆದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಈ ಬಾಜೂಕ ಒಂದು ಕಂಪನಿ ಐತಿ, ಆ ಬಾಜೂಕ ಇನ್ನೊಂದು ಐತಿ. ನೀ ಯಾರ ಡ್ರೈವರಪಾ?" ಅಂದ.

"ನೀವು ಯಾವ ಬಾಜೂಕ ನಿಂತಿರ್ತೀರೋ ಆ ಕಂಪನಿ ಡ್ರೈವರ್ರಿ" ಅಂದೆ. ಸಿಟ್ಟಿಗೇಳುತ್ತಾನೆ ಅಂದುಕೊಂಡಿದ್ದೆ. ನಕ್ಕು ಬಿಟ್ಟುಬಿಟ್ಟ.

ಮರಳಿ ಬಂದಾಗ ಪೇಂಟರ್ ಅಂಗಳದಲ್ಲಿ ಬಣ್ಣ ಕಲೆಸುತ್ತ ಕೂತಿದ್ದ. ಮ್ಯಾನೇಜರ್ ಪಕ್ಕದಲ್ಲಿ ನಿಂತು, ಬೇಗ ಮುಗಿಸಪ್ಪ ಅಂತ ಗೋಗರೆಯುತ್ತಿದ್ದ. ಪೇಂಟರ್ ಕುಂಚ ಎತ್ತಿ ಹಿಡಿದು ಕೇಳಿದ, "ಒಂದ ಮಾತು ಖರೇ ಹೇಳ್ರಿ ಸಾಹೇಬ್ರ. ಈ ಮಾಲೀಕರು ಎಷ್ಟ ದಿವಸ ಇರ್ತಾರ? ಅದನ್ನ ನೋಡ್ಕೊಂಡ ಗಟ್ಟಿ ಬಣ್ಣಾ ಹಾಕಬೇಕೋ ತೆಳ್ಳಂದು ಹಾಕಬೇಕೋ ಅಂತ ಠರಾವು ಮಾಡ್ತೇನಿ."

೩. ಬೂಟುಗಳು ಹಾಜರು

ಮುಂಬೈಯವರು ಬಂದ ಮೇಲೆ ಕ್ಲೀನರುಗಳನ್ನು ತೆಗೆದರು, ಡ್ರೈವರುಗಳಿಗೆ ಬೂಟು ಕೊಟ್ಟರು. ಬೂಟಿಲ್ಲದೆ ಗಾಡಿ ಹೊಡೆಯಬಾರದು, ಮಾಲು ಇಳಿಸುವ ಊರಿನಲ್ಲಿ ತಪಾಸಣೆ ಇರುತ್ತದೆ ಅಂತ ಹೇಳಿದರು.

ನಮಗೋ, ಕ್ಯಾಬಿನ್ ಅಂದರೆ ದೇವರು ಇರುವ ಜಾಗ. ಅಲ್ಲಿ ಗಣಪತಿ ಇದ್ದಾನೆ, ಕಾಲಕಾಲೇಶ್ವರ ಇದ್ದಾನೆ, ಊದಿನಕಡ್ಡಿ ಉರಿಯುತ್ತದೆ. ಚಪ್ಪಲಿ ಕಳಚಿ ಕ್ಲೀನರನ ಕೈಯಲ್ಲಿ ಕೊಟ್ಟರೆ ಅವನು ಹಿಂದಿನ ಡಬ್ಬಿಯಲ್ಲಿ ಹಾಕುತ್ತಿದ್ದ, ನಾವು ಬರಿಗಾಲಿನಲ್ಲಿ ಹತ್ತುತ್ತಿದ್ದೆವು. ಸಾಹುಕಾರ್ರೇ ಕ್ಯಾಬಿನ್ ಹತ್ತುವಾಗ ಜೋಡು ಕಳಚಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೂಟು ಹಂಚಿದ ದಿನ ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಲೇಸು ಕಟ್ಟುವುದು ಹೇಗೆ ಅಂತ ತೋರಿಸಿದ. ಬೂಟು ಮಿರಿಮಿರಿ ಮಿಂಚುತ್ತಿದ್ದವು. ನಾವೂ ಹಿಗ್ಗಿ ಅಂಗಳದ ತುಂಬ ಟಕಟಕ ಅಂತ ಅಡ್ಡಾಡಿದೆವು. ಆಮೇಲೆ ಲಾರಿ ಹೊರಟವು. ವಾಚಮನ್ ಒಬ್ಬೊಬ್ಬರಿಗೂ ಹೋಗಿ ಬಾ ಅಂದ.

ಸಂಜೆ ಮಾಲು ಇಳಿಸುವ ಊರಿನಿಂದ ಮ್ಯಾನೇಜರಿಗೆ ಫೋನು ಬಂತು. ನಿಮ್ಮ ಡ್ರೈವರುಗಳಲ್ಲಿ ಒಬ್ಬರೂ ಬೂಟು ಹಾಕಿಲ್ಲ, ಎಲ್ಲರೂ ಬರಿಗಾಲಿನಲ್ಲಿ ಇಳಿದಿದ್ದಾರೆ, ಬೂಟು ಕೊಟ್ಟಿದ್ದೀರೋ ಮಾರಿಕೊಂಡಿದ್ದೀರೋ ಅಂತ. ಮ್ಯಾನೇಜರ್ ಆ ಹೊತ್ತಿಗೆ ಮನೆಯಲ್ಲಿದ್ದ. ಗಾಬರಿಯಾಗಿ ವಾಚಮನ್ನನಿಗೆ ಫೋನು ಮಾಡಿ, "ಬೆಳಿಗ್ಗೆ ಎಲ್ಲರೂ ಬೂಟು ಹಾಕಿದ್ದರಲ್ಲಪ್ಪ, ಏನಾದವು?" ಅಂತ ಕೇಳಿದ.

ಆಗಿದ್ದೇನೆಂದರೆ ಎಲ್ಲರೂ ರೂಢಿಯ ಪ್ರಕಾರ ಬಾಗಿಲ ಹತ್ತಿರ ಬೂಟು ಕಳಚಿ, ನೆಲದ ಮೇಲೆ ಚಂದಾಗಿ ಜೋಡಿಸಿಟ್ಟು, ದೇವರಿಗೆ ಕೈಮುಗಿದು ಹತ್ತಿದ್ದರು. ಎತ್ತಿಡಲಿಕ್ಕೆ ಕ್ಲೀನರ್ ಇರಲಿಲ್ಲ. ನಾನೂ ಹಾಗೇ ಮಾಡಿದ್ದೆ, ಎಷ್ಟೋ ಊರು ದಾಟಿದ ಮೇಲೆ ಕಾಲು ನೋಡಿಕೊಂಡಿದ್ದೆ.

ವಾಚಮನ್ ಅಂಗಳದ ಕಡೆ ಕಣ್ಣು ಹಾಯಿಸಿ ಫೋನಿನಲ್ಲಿ ಹೇಳಿದ, "ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ಬೂಟು ಎಲ್ಲಾ ಹಾಜರ ಅದಾವು, ಲೈನ ಹಿಡದ ನಿಂತಾವು. ಡ್ರೈವರಗೋಳಷ್ಟ ಹ್ವಾದ್ರು."

೪. ದೇವರುಗಳ ಸಭೆ

ಮುಂಬೈಯವರ ಮುಂದಿನ ಹುಕುಂ ನನಗೇ ಬಂದು ತಾಗಿತು. ಇನ್ನು ಮೇಲೆ ಯಾವ ಗಾಡಿಯೂ ಯಾವ ಡ್ರೈವರಿಗೂ ಸೇರಿದ್ದಲ್ಲ, ಬೆಳಿಗ್ಗೆ ಯಾವ ಗಾಡಿ ಹೊರಡಲು ತಯಾರಿದೆಯೋ ಅದನ್ನು ಹತ್ತಬೇಕು ಅಂದರು. ಗೌಡತಿಯನ್ನು ಕಂಡವರೆಲ್ಲ ಹೊಡೆಯತೊಡಗಿದರು. ಸಂಜೆ ಅವಳು ಅಂಗಳಕ್ಕೆ ಬಂದರೆ ನಾನು ಸುತ್ತಲೂ ತಿರುಗಿ, ಎಲ್ಲಿ ತರಚಿದೆ, ಎಲ್ಲಿ ನೆಗ್ಗಿದೆ ಅಂತ ನೋಡುತ್ತಿದ್ದೆ. ಗೇರು ಹಾಕುವಾಗ ಅವಳಿಗೆ ಒಂದು ಉಸಿರು ಬಿಡಲಿಕ್ಕೆ ಹೊತ್ತು ಕೊಡಬೇಕು. ಅದನ್ನು ಯಾರಿಗೆ ಹೇಳಿದರೂ ನಗುತ್ತಿದ್ದರು.

ಈ ಅದಲುಬದಲಿನಲ್ಲಿ ಒಂದು ಯಾರೂ ಎಣಿಸದ ಸಂಗತಿ ಆಯಿತು. ಪ್ರತಿಯೊಬ್ಬ ಡ್ರೈವರಿಗೂ ಅವನ ಮನೆದೇವರು ಬೇಕು. ಗಾಡಿ ಹತ್ತುವಾಗ ತನ್ನ ಫೋಟೋ ಹಚ್ಚುತ್ತಿದ್ದ. ಇಳಿಯುವಾಗ ದೇವರನ್ನು ಎಬ್ಬಿಸಿಕೊಂಡು ಹೋಗುವುದು ಸರಿಯಲ್ಲ ಅಂತ ಅಲ್ಲೇ ಬಿಡುತ್ತಿದ್ದ. ಮುಂದಿನವನಿಗೆ ಬೇರೆಯವರ ದೇವರನ್ನು ಕಿತ್ತು ತೆಗೆಯಲು ಧೈರ್ಯವಿಲ್ಲ. ಅದರ ಪಕ್ಕದಲ್ಲಿ ತನ್ನದೊಂದು ಹಚ್ಚುತ್ತಿದ್ದ. ವೀರಭದ್ರ ಬಂದ, ಯಲ್ಲಮ್ಮ ಬಂದಳು, ದರ್ಗಾದ ಫೋಟೋ ಬಂತು, ಬಸವಣ್ಣ ಬಂದ, ತಿಮ್ಮಪ್ಪ ಬಂದ. ಕೆಲವೇ ತಿಂಗಳಲ್ಲಿ ಮುಂದಿನ ಗಾಜಿನಲ್ಲಿ ಡ್ರೈವರಿಗೆ ಉಳಿದದ್ದು ಊಟದ ತಟ್ಟೆಯಷ್ಟು ಜಾಗ.

ಮುಂಬೈಯಿಂದ ತಪಾಸಣೆಗೆ ಒಬ್ಬ ಸಾಹೇಬ ಬಂದ. ನಮ್ಮ ಮ್ಯಾನೇಜರ್ ಅವನ ಮಾತನ್ನು ಕನ್ನಡಕ್ಕೆ ಮಾಡಿ ಹೇಳುತ್ತಿದ್ದ. ಸಾಹೇಬ ಕ್ಯಾಬಿನ್ನಿನಲ್ಲಿ ಕೂತು ಆ ಕಡೆ ಈ ಕಡೆ ಕತ್ತು ಹೊರಳಿಸಿ ನೋಡಿದ.

"ಇಲ್ಲಿ ಕೂತರೆ ರಸ್ತೆಯೇ ಕಾಣುವುದಿಲ್ಲವಲ್ಲ ಅಂತಾರೆ" ಅಂದ ಮ್ಯಾನೇಜರ್.

ಪುರ್ತಗೇರಿಯ ಡ್ರೈವರ್ ಶಾಂತನಾಗಿ ಹೇಳಿದ, "ನಮಗ ಕಾಣಲಿಲ್ಲಂದ್ರೂ ನಡೀತೈತ್ರಿ. ಅವರೆಲ್ಲಾ ರಸ್ತಾ ನೋಡ್ಕೊಂತನ ಕುಂತಾರ."

೫. ಉಳ್ಳಾಗಡ್ಡಿ

ಆಮೇಲೆ ಹಳೆಯ ಲಾರಿಗಳನ್ನು ಕಂಪನಿ ಮಾರಿಬಿಟ್ಟಿತು. ಗೌಡತಿಯನ್ನು ಅಬ್ಬಿಗೇರಿಯ ಒಬ್ಬ ಮುಸಲ್ಮಾನ ಉಳ್ಳಾಗಡ್ಡಿ ವ್ಯಾಪಾರಿ ಕೊಂಡರು. ವಯಸ್ಸಾದವರು, ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವರು ಬಣ್ಣ ಬದಲಿಸಲಿಲ್ಲ, ಹಳದಿಯನ್ನು ಹಾಗೇ ಇಟ್ಟು ಕಂಪನಿಯ ಹೆಸರನ್ನಷ್ಟೇ ಕೆರೆಸಿ ಹಾಕಿದರು. ಆ ತಪಾಸಣೆಯ ಮೇಲೆ ಗಾಡಿಗಳ ಅದಲುಬದಲು ನಿಂತಿತ್ತು, ನನಗೆ ಅಂತಲೇ ಕಂಪನಿ ಒಂದು ಹೊಸ ಹಳದಿ ಲಾರಿ ಕೊಟ್ಟಿತು. ಅದರಲ್ಲಿ ಎಲ್ಲ ಚಲೋ ಇತ್ತು. ಆದರೆ ನಾನು ಅದನ್ನು ಹೊಡೆಯುತ್ತಿದ್ದೆನೋ ಅದು ನನ್ನನ್ನು ಹೊಡೆಯುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಸೀಟಿನಲ್ಲಿ ಕೂತರೆ ಬೀಗರ ಮನೆಯಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಇರುತ್ತಿತ್ತು.

ಗೌಡತಿಯನ್ನು ನೋಡಬೇಕು ಅನ್ನಿಸಿತು. ಸುಮ್ಮನೆ ಹೋಗಿ ಲಾರಿ ನೋಡುತ್ತೇನೆ ಅಂದರೆ ಮಂದಿ ಏನಂದಾರು? ಅಬ್ಬಿಗೇರಿಗೆ ಹೋಗಿ ಚಾಚಾರ ಕಡೆ ಒಂದು ಚೀಲ ಉಳ್ಳಾಗಡ್ಡಿ ಕೊಂಡೆ. ಅವರು ತೂಗುವ ತನಕ ಗೌಡತಿಯ ಪಕ್ಕದಲ್ಲಿ ನಿಂತುಕೊಂಡೆ. ಕೈ ತಾನಾಗಿ ಬಾಗಿಲ ಮೇಲೆ ಹೋಯಿತು. ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ ಹೋದೆ. ಸೂಟಿ ಸಿಕ್ಕಾಗಲೆಲ್ಲ ಹೋದೆ.

ಮನೆಯಲ್ಲಿ ಅಟ್ಟದ ಮೇಲೆ ಉಳ್ಳಾಗಡ್ಡಿ, ಮಂಚದ ಕೆಳಗೆ ಉಳ್ಳಾಗಡ್ಡಿ. ನನ್ನ ಹೆಂಡತಿ ಮೊದಲು ಪಲ್ಯ ಮಾಡಿದಳು, ಆಮೇಲೆ ಓಣಿಗೆಲ್ಲ ಹಂಚಿದಳು. ಒಂದು ದಿನ ಹೆಚ್ಚುತ್ತ ಕೂತವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದಳು, "ಗಂಡ ಇನ್ನೊಬ್ಬಾಕಿ ಹಿಂದ ಹ್ವಾದ್ರ ಹೆಂಗಸರು ಅಳತಾರ ಅಂತ ಕೇಳಿದ್ದೆ. ಇಷ್ಟ ಅಳಬೇಕಾಗತೈತಿ ಅಂತ ಗೊತ್ತಿರಲಿಲ್ಲ."

ಚಾಚಾರಿಗೂ ವಿಷಯ ತಿಳಿದಿತ್ತು. ಒಂದು ಸಲ ನಾನು ಚೀಲ ಬಿಚ್ಚುತ್ತಿದ್ದಾಗ ನನ್ನ ಕೈ ಹಿಡಿದರು. "ಉಳ್ಳಾಗಡ್ಡಿ ಬ್ಯಾಡ. ಗಾಡಿ ನೋಡಾಕ ಬರ್ತಿ, ಸುಮ್ನ ಬಾ, ಚಾ ಕುಡದ ಹೋಗು" ಅಂದರು.

ಆ ಹೊತ್ತಿಗೆ ಬಾಯಿ ಬಿಟ್ಟು ಕೇಳಿಯೇಬಿಟ್ಟೆ. "ಚಾಚಾ, ಕಂಪನಿ ಬಿಟ್ಟ ಬರ್ತೇನಿ. ಈ ಗಾಡಿಗೆ ನನ್ನ ಇಟ್ಕೊರಿ. ಪಗಾರ ನಿಮ್ಮ ಮನಸಿಗೆ ಬಂದಷ್ಟು ಕೊಡ್ರಿ."

ಗೌಡತಿಯನ್ನು ಅವರ ಅಳಿಯ ಹೊಡೆಯುತ್ತಿದ್ದ. "ನೀ ಹೊಡಿಯೂದು ನನಗ ಗೊತ್ತಿಲ್ಲೇನು" ಅಂದರು ಚಾಚಾ. "ಆದ್ರ ನಿನ್ನ ಇಟ್ಕೊಂಡ್ನೆಂದ್ರ ಅಳಿಯಗ ಕೆಲಸಿಲ್ಲ. ಅಳಿಯಗ ಕೆಲಸಿಲ್ಲಂದ್ರ ಮಗಳು ತವರಮನಿಗೆ ಬರ್ತಾಳ. ಮಗಳು ಬಂದ್ಲಂದ್ರ ಆಕಿ ಅವ್ವ ನನ್ನ ಇದ ಗಾಡ್ಯಾಗ ಕುಂದರ್ಸಿ ಊರ ಹೊರಗ ಬಿಟ್ಟ ಬರಾಕ ಹೇಳ್ತಾಳ. ಹೊಡ್ಯಾಂವ ನೀನ ಇರ್ತಿ."

೬. ಸವಡಿಯ ನಿಬ್ಬಣ

ಇದಾಗಿ ಕೆಲವು ತಿಂಗಳ ಮೇಲೆ, ಲಗ್ನದ ಹಂಗಾಮಿನಲ್ಲಿ, ನಾನು ಹುಬ್ಬಳ್ಳಿಯಿಂದ ಪಾರ್ಸಲ್ ಮಾಲು ತುಂಬಿಕೊಂಡು ಗಜೇಂದ್ರಗಡಕ್ಕೆ ಬರುತ್ತಿದ್ದೆ. ಬೆಳಿಗ್ಗೆ ನರಗುಂದದಲ್ಲಿ ರಸ್ತೆ ಬದಿಯ ಹೋಟೆಲಿನ ಮುಂದೆ ಕಂಪನಿಯ ಹೊಸ ಗಾಡಿ ನಿಲ್ಲಿಸಿ, ಬೀಗ ಹಾಕಿ, ಕೀಲಿ ಕಿಸೆಯಲ್ಲಿಟ್ಟುಕೊಂಡು ನಾಷ್ಟಾಕ್ಕೆ ಹೋದೆ. ನಾನು ಒಳಗಿದ್ದಾಗ ಯಾವುದೋ ಲಗ್ನದ ಮಂದಿ ಬಂದು ಹೋಟೆಲು ಗಿಜಿಗಿಜಿ ಆಯಿತು. ನಾನು ಗೋಡೆಗೆ ಮುಖ ಮಾಡಿ ಕೂತು ಮಂಡಕ್ಕಿ ಮಿರ್ಚಿ ಮುಗಿಸಿ, ಗದ್ದಲದಲ್ಲಿ ದಾರಿ ಮಾಡಿಕೊಂಡು ಹೊರಗೆ ಬಂದೆ.

ಎದುರಿಗೆ ಹಳದಿ ಲಾರಿ ನಿಂತಿತ್ತು. ಬಾಗಿಲು ತುಸು ಮೇಲೆತ್ತಿ ಎಳೆದೆ, ತೆರೆಯಿತು. ಬೂಟು ಕಳಚಿ ಕೈಯಲ್ಲಿ ಹಿಡಿದು ಹತ್ತಿದೆ. ಬಟನ್ ಒತ್ತಿದೆ, ಚಾಲೂ ಆಯಿತು. ರೋಣದ ದಾರಿ ಹಿಡಿದೆ.

ಏನು ಹೇಳಲಿ, ಅವತ್ತಿನ ದಾರಿಯೇ ದಾರಿ. ಎರಡೂ ಕಡೆ ಕರಿನೆಲ, ತಂಪು ಗಾಳಿ. ಸೀಟು ಬೆನ್ನಿಗೆ ಒಗ್ಗಿ ಕೂತಿತ್ತು, ಗೇರು ಹಾಕಿದಲ್ಲಿ ಬೀಳುತ್ತಿತ್ತು. ಅಂತೂ ಒಂದು ವರ್ಷ ಗುದ್ದಾಡಿದ ಮೇಲೆ ಈ ಹೊಸ ಗಾಡಿ ನನಗೆ ಹೊಂದಿಕೊಂಡಿತು ಅಂತ ಸಮಾಧಾನವಾಯಿತು. ಇನ್ನು ಹಳೆಯದನ್ನು ಮರೆತರಾಯಿತು ಅಂತಲೂ ಅಂದುಕೊಂಡೆ. ಹಿಂದಿನಿಂದ ಹಲಗೆ ದಡಬಡ ಬಡಿದುಕೊಳ್ಳುವ ಸದ್ದು ಬರುತ್ತಿತ್ತು. ಎಷ್ಟೋ ವರ್ಷ ಕೇಳಿದ ಸದ್ದು. ಕಿವಿಗೆ ಹಿತವಾಯಿತೇ ಹೊರತು ವಿಚಿತ್ರ ಅನ್ನಿಸಲಿಲ್ಲ. ನಾನು ಜೋರು ಮಾಡಿದರೆ ಬಡಿತವೂ ಜೋರಾಗುತ್ತಿತ್ತು. ಹಾಡು ಹೇಳಿಕೊಂಡು ಹೋದೆ.

ರೋಣಕ್ಕಿಂತ ಮೊದಲು ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಗಾಡಿ ನಿಂತರೂ ಹಲಗೆಯ ಬಡಿತ ನಿಲ್ಲಲಿಲ್ಲ.

ಆಗ ಕಣ್ಣು ಬಿಟ್ಟು ನೋಡಿದೆ. ಹೊಸ ಗಾಡಿಗೆ ಕೀಲಿ ತಿರುವಬೇಕು. ಬಟನ್ ಇದ್ದದ್ದು ಗೌಡತಿಗೆ, ಅದನ್ನು ಕೂಡಿಸಿದವನು ನಾನೇ; ಮೇಲೆತ್ತಿ ಎಳೆದರೆ ತೆರೆಯುವ ಬಾಗಿಲೂ ಅವಳದೇ. ಕೀಲಿ ನನ್ನ ಕಿಸೆಯಲ್ಲೇ ಇತ್ತು. ಕೆಳಗೆ ಜಿಗಿದು ಹಿಂದೆ ಓಡಿದೆ. ಹಲಗೆಯ ಮೇಲಿಂದ ಒಬ್ಬ ಮುದುಕಿ ತಲೆ ಹೊರಗೆ ಹಾಕಿದಳು.

"ಬಡದು ಬಡದು ಕೈ ಸೋತುವಲ್ಲೋ ತಮ್ಮಾ" ಅಂದಳು. "ಎಲ್ಲಿಗೆ ಒಯ್ಯಾಕತ್ತಿ ನಮ್ಮನ್ನ?"

"ನೀವು ಎಲ್ಲಿಂದ ಬಂದ್ರಿ ಯಮ್ಮಾ?" ಅಂದೆ.

"ನಾವು ಸವಡಿಯಿಂದ ಇದ ಗಾಡ್ಯಾಗ ಕುಂತ ಬಂದೇವಿ. ನೀ ಎಲ್ಲಿಂದ ಬಂದಿ?"

ಆಕೆಯೇ ಬಿಡಿಸಿ ಹೇಳಿದಳು. ಸವಡಿಯ ಲಗ್ನದ ನಿಬ್ಬಣ, ಚಾಚಾರ ಲಾರಿ ಬಾಡಿಗೆ ಹಿಡಿದು ನರಗುಂದದ ಆಚೆ ಹೊಳೆದಂಡೆಯ ಊರಿಗೆ ಹೊರಟಿತ್ತು. ಗಾಡಿ ಹೊಡೆಯುವ ಅಳಿಯ, ಅವನ ಜೊತೆ ಬಂದಿದ್ದ ಚಾಚಾ, ಎಲ್ಲರೂ ಚಹಾಕ್ಕೆ ಇಳಿದಿದ್ದರು. ಇಳಿದು ಹತ್ತುವುದು ಆಗದ ಇಬ್ಬರು ಮುದುಕಿಯರು, ಮದುಮಗನ ಅಜ್ಜಿ ಮತ್ತು ಆಕೆಯ ತಂಗಿ, ಗಾಡಿಯಲ್ಲೇ ಉಳಿದಿದ್ದರು. ಬಡಿದವಳು ತಂಗಿ. ಅಜ್ಜಿ ಒಳಗೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು.

ನಮ್ಮ ಮಾತಿಗೆ ಅಜ್ಜಿಗೆ ಎಚ್ಚರವಾಯಿತು. ಎದ್ದು ಹಲಗೆ ಹಿಡಿದು ಹೊರಗೆ ನೋಡಿದಳು. ಗೇಟು ಕಂಡಿತು, ಗಾಡಿಯ ಮೋರೆ ಊರ ಕಡೆ ಇರುವುದು ಕಂಡಿತು. ಆಕೆಯ ಮುಖ ಸಣ್ಣದಾಯಿತು.

"ಹೊಳ್ಳಿ ಊರಿಗೆ ಹೊಂಟೇವನು?" ಅಂದಳು. "ಲಗ್ನ ಆಗಿಹೋತನ? ನಾ ಮದುಮಗನ ಖಾಸಾ ಅಜ್ಜಿ. ಅಕ್ಕಿಕಾಳ ಒಗ್ಯಾಕೂ ಎಬ್ಬಸಲಿಲ್ಲ, ಊಟಕ್ಕೂ ಎಬ್ಬಸಲಿಲ್ಲ. ಹುಡುಗಿ ಹೆಂಗದಾಳ, ಅಷ್ಟರೆ ಹೇಳ್ರಿ."

ನಾನು ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಪೊಲೀಸರು, ಹೊಡೆತ, ಹೋದ ಕೆಲಸ, ಎಲ್ಲ ಕಣ್ಣ ಮುಂದೆ ಬಂತು. ಆದರೂ ಗೌಡತಿಯ ಸ್ಟೇರಿಂಗು ಕೈಯಲ್ಲಿತ್ತು. ನಿಜ ಹೇಳಬೇಕೆಂದರೆ, ನರಗುಂದ ಇನ್ನೊಂದಿಷ್ಟು ದೂರ ಇರಬಾರದಿತ್ತೇ ಅನ್ನಿಸಿತು.

ಹೋಟೆಲಿನ ಮುಂದೆ ನಿಬ್ಬಣದ ಮಂದಿಯೆಲ್ಲ ರಸ್ತೆಯಲ್ಲಿ ನಿಂತಿದ್ದರು. ಒಂದಿಬ್ಬರು ತೋಳು ಏರಿಸಿ ಬಂದರು. ಚಾಚಾ ನಡುವೆ ಬಂದು ತಡೆದರು. ಲಾರಿ ಕಳುವಾಯಿತು ಅಂತ ಎಲ್ಲರೂ ಪೊಲೀಸ್ ಠಾಣೆಗೆ ಹೊರಟಾಗ ಅವರು ಅಲ್ಲಿ ನಿಂತಿದ್ದ ಕಂಪನಿಯ ಹಳದಿ ಲಾರಿ ನೋಡಿ, "ಯಾರೂ ಎಲ್ಲಿಗೂ ಹೋಗಬ್ಯಾಡ್ರಿ. ಗಾಡಿ ಕಳುವಾಗಿಲ್ಲ, ಕಳಕೊಂಡವನ ಕೈಗೆ ಸಿಕ್ಕೈತಿ. ಗೊತ್ತಾದ ಕೂಡ್ಲೆ ತರ್ತಾನ" ಅಂತ ಕೂರಿಸಿದ್ದರಂತೆ.

ನಾನು ಇಳಿದು ಅಳಿಯನಿಗೆ ಜಾಗ ಬಿಟ್ಟೆ. ಮೇಲಿನಿಂದ ಅಜ್ಜಿ ಗದರಿದಳು. "ಅಂವ ಬ್ಯಾಡ. ಸವಡಿಯಿಂದ ಇಲ್ಲೀ ಮಟ ಅಂವ ಎತ್ತಿ ಎತ್ತಿ ಒಗದದ್ದಕ್ಕ ಸೊಂಟ ಬಿಟ್ಟೈತಿ. ಇಂವ ಹೊಡದ್ರ ನಿದ್ದಿ ಬರತೈತಿ. ಇಂವನ ಹೊಡೀಲಿ, ಇಲ್ಲಂದ್ರ ನಾ ಬರಂಗಿಲ್ಲ, ಲಗ್ನ ಹೆಂಗ ಮಾಡ್ತೀರಿ ಮಾಡ್ರಿ."

ಚಾಚಾ ಅಳಿಯನ ಮುಖ ನೋಡಿದರು. ಅಳಿಯ ನಕ್ಕು ಹಿಂದೆ ಹತ್ತಿದ. ನಾನು ನಿಬ್ಬಣ ಹೊಡೆದುಕೊಂಡು ಹೋದೆ. ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆ. ಅಜ್ಜಿ ನನ್ನನ್ನು ಬೀಗರ ಸಾಲಿನಲ್ಲಿ ಕೂರಿಸಿ ಗೋಧಿ ಹುಗ್ಗಿ ಹಾಕಿಸಿದಳು. ಸಂಜೆ ನರಗುಂದಕ್ಕೆ ಬಂದು ಗೌಡತಿಯಿಂದ ಇಳಿದು ಅಳಿಯನಿಗೆ ಜಾಗ ಬಿಟ್ಟೆ. ಅವಳು ರೋಣದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡುತ್ತ ನಿಂತೆ.

ಮರುದಿನ ಮ್ಯಾನೇಜರ್ ಕರೆಸಿದ. ಸುದ್ದಿ ಆಗಲೇ ಮುಟ್ಟಿತ್ತು.

"ಬೇರೆಯವರ ಲಾರಿ ಓಡಿಸ್ತಿದ್ರಂತೆ?" ಅಂದ.

"ಹೌದ್ರಿ. ವರ್ಷಾತು" ಅಂದೆ, ಅಂಗಳದಲ್ಲಿ ನಿಂತ ಕಂಪನಿಯ ಹೊಸ ಗಾಡಿಯ ಕಡೆ ನೋಡುತ್ತ.

ಆತನಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಎದ್ದು ಬಾಗಿಲು ಮುಚ್ಚಿ ಬಂದ. ಆಮೇಲೆ ದನಿ ತಗ್ಗಿಸಿ ಹೇಳಿದ, "ನೋಡಿ, ಕಂಪನಿ ಗಾಡಿ ಇಡೀ ದಿನ ನರಗುಂದದಲ್ಲಿ ನಿಂತಿತ್ತು. ಮುಂಬೈಯವರಿಗೆ ನಾನು ಏನೋ ಒಂದು ಹೇಳ್ತೀನಿ. ಆದರೆ ನಿನ್ನೆಯ ಸಂಬಳ ಮಾತ್ರ ನಿಮಗೆ ಕೊಡಿಸೋಕಾಗಲ್ಲ."

"ಬ್ಯಾಡ್ರಿ ಸಾಹೇಬ್ರ" ಅಂದೆ. "ನಿನ್ನಿದು ನನಗ ಮುಟ್ಟೇತಿ. ಮ್ಯಾಲೆ ಹುಗ್ಗೀನೂ ಉಂಡೇನಿ."